ಧರ್ಮರಾಯನ ಕಣ್ಣು, ಅರ್ಜುನನ ಕಣ್ಣು

ಅಮೆರಿಕದ ಸಣ್ಣ ಊರುಗಳ ಕೋವಿ ಅಂಗಡಿಗಳಲ್ಲಿ ಗಾಜಿನ ಕಪಾಟಿನ ಮುಂದೆ ನಿಂತು ಒಂದೇ ಲೆಕ್ಕ ಹಾಕುವವರು ಸದಾ ಸಿಗುತ್ತಾರೆ. ಇನ್ನೂರು ಮುನ್ನೂರು ಡಾಲರಿನ .22 ರೈಫಲ್ಲಿಗೆ ಎಷ್ಟು ಬೆಲೆಯ ಸ್ಕೋಪು, ಅಂದರೆ ಗುರಿ ಹಿಡಿಯುವ ದೂರದರ್ಶಕ, ಹಾಕಿಸುವುದು? ಐವತ್ತರದ್ದು ಸಾಕೆ, ನೂರೈವತ್ತರದ್ದು ಬೇಕೆ, ಮುನ್ನೂರರದ್ದಾದರೆ ಕೋವಿಗಿಂತ ಅದರ ಕಣ್ಣೇ ದುಬಾರಿಯಾಯಿತಲ್ಲ? ಮೇಲುನೋಟಕ್ಕೆ ಇದು ಕಿಸೆಗೆ ಸಂಬಂಧಿಸಿದ ಮಾತು. ಆದರೆ ಈ ಮಾತಿನ ಒಡಲಲ್ಲೇ ಇನ್ನೊಂದು ಪ್ರಶ್ನೆ ಇದೆ: ಹಿಂದಕ್ಕೆ ಪಡೆಯಲಾಗದ ಕೆಲಸವೊಂದಕ್ಕೆ ಕೈಹಾಕುವ ಮುನ್ನ ಮನುಷ್ಯ ಎಷ್ಟು ನಿಚ್ಚಳವಾಗಿ ನೋಡಿರಬೇಕು? ನೈಯಾಯಿಕರು, ಜೈನ ಆಚಾರ್ಯರು, ಮಹಾಭಾರತ ಕಟ್ಟಿದವರು ಬೇರೆ ಬೇರೆ ದಾರಿಯಲ್ಲಿ ಬಂದು ಮುಟ್ಟಿದ ಪ್ರಶ್ನೆ ಅದು. ಅವರ ಉತ್ತರಗಳನ್ನು ಪಕ್ಕದಲ್ಲಿಟ್ಟುಕೊಂಡರೆ ಸ್ಕೋಪಿನ ಆಯ್ಕೆಯೂ ಸುಲಭವಾಗುತ್ತದೆ.

ಮೊದಲು ಕೋವಿಯ ಬಗ್ಗೆ. ಅದು ಬಳಸುವ ರಿಮ್‌ಫೈರ್ ತೋಟಾದಲ್ಲಿ ಸಿಡಿಮದ್ದು ಇರುವುದು ಹಿಂಬದಿಯ ಅಂಚಿನ ಮಡಿಕೆಯೊಳಗೆ. ಸೂಜಿ ಆ ತೆಳು ಅಂಚನ್ನು ಜಜ್ಜಿದೊಡನೆ ಮದ್ದು ಹತ್ತಿಕೊಳ್ಳುತ್ತದೆ. ಈ ಬಗೆಯಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ .22 ಲಾಂಗ್ ರೈಫಲ್ ತೋಟಾವನ್ನು ಅಮೆರಿಕದ ಸ್ಟೀವನ್ಸ್ ಕಂಪನಿ 1887ರಲ್ಲಿ ಹೊರತಂದಿತು. ಗುಂಡಿನ ತೂಕ ಸಾಮಾನ್ಯವಾಗಿ 40 ಗ್ರೇನ್, ಅಂದರೆ ಎರಡೂವರೆ ಗ್ರಾಮಿಗೆ ತುಸು ಹೆಚ್ಚು. ಒದೆತ ಇಲ್ಲವೆನ್ನುವಷ್ಟು ಕಡಿಮೆ, ಸದ್ದು ಸಣ್ಣದು, ತೋಟಾ ಅಗ್ಗ. ಮಕ್ಕಳು ಗುರಿ ಕಲಿಯುವುದು ಇದರಲ್ಲಿ, ಅಳಿಲು ಮೊಲಗಳ ಬೇಟೆ ನಡೆಯುವುದು ಇದರಲ್ಲಿ, ಒಲಿಂಪಿಕ್ಸಿನ 50 ಮೀಟರ್ ರೈಫಲ್ ಸ್ಪರ್ಧೆಯೂ ಇದರಲ್ಲೇ.

ಈ ಪುಟ್ಟ ಗುಂಡಿಗೆ ಎರಡು ಅಳತೆಗಳಿವೆ. 50 ಗಜಕ್ಕೆ ಸರಿಯಾಗಿ ಹೊಂದಿಸಿದ ರೈಫಲ್ಲಿನ ಗುಂಡು 100 ಗಜ ತಲುಪುವಷ್ಟರಲ್ಲಿ ಸುಮಾರು ಆರು ಅಂಗುಲ ಕೆಳಗಿಳಿದಿರುತ್ತದೆ. ಗಾಳಿ ಬೀಸಿದರೆ ಪಕ್ಕಕ್ಕೂ ಕೆಲವು ಅಂಗುಲ ಸರಿಯುತ್ತದೆ. ಆದ್ದರಿಂದ ನುರಿತ ಬೇಟೆಗಾರರು ಜೀವದ ಮೇಲೆ ಈ ಗುಂಡು ಹಾರಿಸುವುದು ಐವತ್ತು, ಹೆಚ್ಚೆಂದರೆ ಎಪ್ಪತ್ತೈದು ಗಜದೊಳಗೆ. ಆದರೆ ಅದೇ ಗುಂಡು ಗುರಿ ತಪ್ಪಿ ಹಾರಿದರೆ ಒಂದು ಮೈಲಿಗೂ ಹೆಚ್ಚು ದೂರ ಹೋಗಿ ಬೀಳಬಲ್ಲದು. ತೋಟಾದ ಪೊಟ್ಟಣಗಳ ಮೇಲೆ ಈ ಎಚ್ಚರಿಕೆ ಅಚ್ಚಾಗಿರುತ್ತದೆ. ನೆಚ್ಚಬಹುದಾದ ದೂರ ಐವತ್ತು ಗಜ, ನೋಯಿಸಬಹುದಾದ ದೂರ ಒಂದು ಮೈಲಿ. ಸ್ಕೋಪು ಕೊಳ್ಳುವವನ ಹೊಣೆ ಹುಟ್ಟುವುದು ಈ ಎರಡರ ನಡುವಿನ ಬಯಲಿನಲ್ಲಿ.

ಒಂದು ಕಾಲಕ್ಕೆ ಕೋವಿಯ ಮೇಲಿನ ದೂರದರ್ಶಕ ಸಿರಿವಂತರ ಸೊತ್ತಾಗಿತ್ತು. 1930ರಲ್ಲಿ ಬಿಲ್ ವೀವರ್ ಎಂಬ ಅಮೆರಿಕದ ತರುಣ ತಾನೇ ರೂಪಿಸಿದ 330 ಮಾದರಿಯ ಸ್ಕೋಪನ್ನು ಕೋವಿಗೆ ಕೂರಿಸುವ ಹಿಡಿಕೆಯ ಸಮೇತ 19 ಡಾಲರಿಗೆ ಮಾರತೊಡಗಿದ. ಆಮೇಲೆ ಅವನ ಕಾರ್ಖಾನೆ ಟೆಕ್ಸಸಿನ ಎಲ್ ಪಾಸೊಗೆ ಹೋಯಿತು. ರೈತನೂ ಕಾರ್ಮಿಕನೂ ಕೊಳ್ಳಬಹುದಾದ ಸ್ಕೋಪು ಬಂದದ್ದು ಹೀಗೆ. ಚೆನ್ನಾಗಿ ನೋಡಿ ಗುರಿಯಿಡುವುದು ಹಣವಂತನಿಗಷ್ಟೇ ಸಿಗುವ ಸೌಲಭ್ಯವಾಗಿ ಉಳಿಯಬಾರದು ಎಂಬ ದೃಷ್ಟಿಯಿಂದ ನೋಡಿದರೆ ವೀವರ್ ಮಾಡಿದ್ದು ವ್ಯಾಪಾರಕ್ಕಿಂತ ದೊಡ್ಡ ಕೆಲಸ.

ಸ್ಕೋಪಿನೊಳಗೆ ಕಾಣುವ ಅಡ್ಡಗೆರೆ ಉದ್ದಗೆರೆಗಳ ಚರಿತ್ರೆ ಇನ್ನೂ ಹಿಂದಿನದು, ಮತ್ತು ಅದರಲ್ಲಿ ದೇವರ ಮಾತೂ ಇದೆ. ಇಂಗ್ಲೆಂಡಿನ ಲೀಡ್ಸ್ ಹತ್ತಿರದ ಮಿಡಲ್‌ಟನ್‌ನಲ್ಲಿ ವಿಲಿಯಂ ಗ್ಯಾಸ್ಕಾಯ್ನ್ ಎಂಬ ಖಗೋಳಾಸಕ್ತನಿದ್ದ. 1640ರ ಸುಮಾರಿಗೆ ಅವನು ತೆರೆದಿಟ್ಟಿದ್ದ ದೂರದರ್ಶಕದ ಕೊಳವೆಯೊಳಗೆ ಜೇಡವೊಂದು ಎಳೆ ಹಾಯಿಸಿತು. ಎಳೆ ಬಿದ್ದದ್ದು ಮಸೂರದ ಬಿಂಬ ಮೂಡುವ ಸಂಗಮಸ್ಥಾನದಲ್ಲೇ. ಹಾಗಾಗಿ ದೂರದ ವಸ್ತುವೂ ಹತ್ತಿರದ ಎಳೆಯೂ ಒಟ್ಟಿಗೆ, ಅಷ್ಟೇ ಸ್ಪಷ್ಟವಾಗಿ ಕಂಡವು. ಬಿಂಬ ಮೂಡುವ ಜಾಗದಲ್ಲಿ ಗುರುತೊಂದನ್ನು ಇಟ್ಟರೆ ಅದು ನೋಟದೊಳಗೇ ಸೇರಿಕೊಳ್ಳುತ್ತದೆ ಎಂಬುದು ಅವನಿಗೆ ಹೊಳೆದದ್ದು ಆಗ. ಗ್ರಹಗಳ ವ್ಯಾಸ ಅಳೆಯುವ ಮೈಕ್ರೋಮೀಟರನ್ನು ಅವನು ಕಟ್ಟಿದ್ದೂ ಇದರಿಂದಲೇ. ಗಣಿತಜ್ಞ ವಿಲಿಯಂ ಆಟ್‌ರೆಡ್‌ಗೆ ಬರೆದ ಕಾಗದದಲ್ಲಿ ಅವನು ಇದರ ಹಿರಿಮೆಯನ್ನು ತನ್ನ ಮೇಲೆ ಹಾಕಿಕೊಳ್ಳಲಿಲ್ಲ. ಎಲ್ಲವನ್ನೂ ನಡೆಸುವವನು ತೋರಬೇಕೆಂದಾಗ ತೋರಿದ ರಹಸ್ಯವಿದು ಎಂಬರ್ಥದಲ್ಲಿ ಬರೆದ. 1644ರ ಜುಲೈನಲ್ಲಿ ಮಾರ್ಸ್ಟನ್ ಮೂರ್ ಕದನದಲ್ಲಿ, ದೊರೆಯ ಪಕ್ಷದಲ್ಲಿ ಕಾದಾಡುತ್ತ ಆತ ಸತ್ತ. ಆಕಾಶ ಅಳೆಯಲೆಂದು ಹುಟ್ಟಿದ ಆ ಎಳೆ ಕೋವಿಯ ಮೇಲೆ ಬಂದು ಕೂತದ್ದು ಎಷ್ಟೋ ಕಾಲದ ನಂತರ. ಎರಡನೇ ಮಹಾಯುದ್ಧದ ಕಾಲದವರೆಗೂ ಇಂಥ ಉಪಕರಣಗಳಿಗೆ ನಿಜವಾದ ಜೇಡರ ಎಳೆ ಬಳಕೆಯಲ್ಲಿತ್ತು. ಈಗ ಸಪೂರ ತಂತಿ, ಇಲ್ಲವೇ ಗಾಜಿನ ಮೇಲೆ ಕೆತ್ತಿದ ಗೆರೆ.

ಮುಂಡಕೋಪನಿಷತ್ತು ಬಲ್ಲವರಿಗೆ ಇಲ್ಲಿ ಒಂದು ನೆನಪು ಬಾರದಿರದು. ಜೇಡವನ್ನೂ ಬಿಲ್ಲನ್ನೂ ಅದೊಂದೇ ಉಪನಿಷತ್ತು ಹೇಳುತ್ತದೆ. ಮೊದಲ ಮುಂಡಕದಲ್ಲಿ, ಜೇಡ ತನ್ನೊಳಗಿಂದ ಎಳೆ ತೆಗೆದು ಮತ್ತೆ ಒಳಗೆಳೆದುಕೊಳ್ಳುವಂತೆ ಅಕ್ಷರತತ್ವದಿಂದ ಜಗತ್ತು ಹೊಮ್ಮುತ್ತದೆ. ಎರಡನೆಯದರಲ್ಲಿ ಓಂಕಾರವೇ ಬಿಲ್ಲು, ಆತ್ಮವೇ ಬಾಣ, ಬ್ರಹ್ಮವೇ ಗುರಿ. ಆ ಗುರಿಯನ್ನು ಭೇದಿಸುವವನಿಗೆ ಋಷಿ ಇಟ್ಟ ಷರತ್ತು ಬಲವೂ ಅಲ್ಲ, ಕೌಶಲವೂ ಅಲ್ಲ. ಪ್ರಮಾದವಿಲ್ಲದಿರುವುದು, ಒಂದು ಕ್ಷಣಕ್ಕೂ ಮೈಮರೆಯದಿರುವುದು. ಸ್ಕೋಪಿನ ಕುರಿತ ಎಲ್ಲ ವಿಚಾರವೂ ಕೊನೆಗೆ ಬಂದು ನಿಲ್ಲುವುದು ಈ ಷರತ್ತಿನ ಎದುರಿಗೇ.

ಗುರಿಯ ಮಾತು ಬಂದರೆ ಕನ್ನಡದ ಮನೆಗಳಲ್ಲಿ ಮೊದಲು ನೆನಪಾಗುವುದು ದ್ರೋಣರ ಪರೀಕ್ಷೆ. ಮರದ ತುದಿಯಲ್ಲಿ ಹಕ್ಕಿ. ಏನು ಕಾಣುತ್ತದೆ ಎಂದು ಗುರು ಕೇಳುತ್ತಾರೆ. ಮರ ಕಾಣುತ್ತದೆ, ತಮ್ಮಂದಿರು ಕಾಣುತ್ತಾರೆ, ನೀವು ಕಾಣುತ್ತೀರಿ, ಹಕ್ಕಿಯೂ ಕಾಣುತ್ತದೆ ಎಂದ ಧರ್ಮರಾಯನನ್ನು ಪಕ್ಕಕ್ಕೆ ಸರಿಸುತ್ತಾರೆ. ಹಕ್ಕಿಯ ತಲೆಯೊಂದೇ ಕಾಣುತ್ತದೆ ಎಂದ ಅರ್ಜುನ ಗೆಲ್ಲುತ್ತಾನೆ. ಏಕಾಗ್ರತೆಯ ಪಾಠವೆಂದು ಶಾಲೆಗಳಲ್ಲಿ ಇದನ್ನು ಹೇಳಿಕೊಡುತ್ತಾರೆ, ಅದು ಸರಿಯೇ. ಆದರೆ ಆದಿಪರ್ವದ ಆ ಹಕ್ಕಿ ಕುಶಲಕರ್ಮಿಗಳಿಂದ ಮಾಡಿಸಿದ್ದ ಕೃತಕ ಹಕ್ಕಿ ಎಂಬ ವಿವರವನ್ನು ಹೇಳುವವರು ಕಡಿಮೆ. ಅದು ಅಭ್ಯಾಸದ ಕಣ, ಎಲ್ಲರೂ ಬಾಣದ ದಾರಿಯಿಂದ ಆಚೆ ನಿಂತಿದ್ದರು, ಜೀವವೊಂದೂ ಪಣಕ್ಕಿರಲಿಲ್ಲ. ಅರ್ಜುನನ ಕಣ್ಣು ಸರಿಹೊಂದುವುದು ಅಂಥ ಕಣದಲ್ಲಿ.

ಕಾಡಿನಲ್ಲಿ ಜೀವಂತ ಅಳಿಲಿನ ಕಡೆಗೆ ರೈಫಲ್ ಎತ್ತಿದವನಿಗೆ ಬೇಕಾದದ್ದು ಧರ್ಮರಾಯನ ಉತ್ತರ. ಅಮೆರಿಕದ ಬೇಟೆಗಾರರ ತರಬೇತಿಯಲ್ಲಿ ಮೊದಲ ದಿನದಿಂದ ತಲೆಗೆ ತುಂಬುವ ನಿಯಮವೂ ಅದೇ: ಗುರಿ ಯಾವುದೆಂದು ಖಚಿತವಾಗಿ ತಿಳಿದಿರಬೇಕು, ಗುರಿಯ ಆಚೆಗೆ ಏನಿದೆ ಎಂದೂ ತಿಳಿದಿರಬೇಕು. ಮರ, ಮರದ ಹಿಂದಿನ ಇಳಿಜಾರು, ಇಳಿಜಾರಿನಾಚೆಯ ಮನೆ, ಜೊತೆಗೆ ಬಂದವರು ನಿಂತ ಜಾಗ, ಎಲ್ಲವೂ ಕಂಡಿರಬೇಕು. ಒಂದು ಮೈಲಿ ಹಾರಬಲ್ಲ ಗುಂಡಿನ ಮುಂದೆ ಹಕ್ಕಿಯ ತಲೆಯೊಂದನ್ನೇ ಕಾಣುವುದು ಸದ್ಗುಣವಾಗಿ ಉಳಿಯುವುದಿಲ್ಲ.

ಸ್ಕೋಪಿನ ಅಂಕಿಗಳನ್ನು ಈ ಬೆಳಕಿನಲ್ಲಿ ಓದಬೇಕು. 2-7×32 ಎಂದು ಬರೆದಿದ್ದರೆ ಎರಡರಿಂದ ಏಳು ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಮುಂದಿನ ಮಸೂರದ ವ್ಯಾಸ 32 ಮಿಲಿಮೀಟರ್ ಎಂದರ್ಥ. ಅದನ್ನು ಎರಡಕ್ಕೆ ತಿರುಗಿಸಿಟ್ಟರೆ 100 ಗಜ ದೂರದಲ್ಲಿ ಸುಮಾರು 40 ಅಡಿ ಅಗಲದ ನೋಟ ಸಿಗುತ್ತದೆ. ಏಳಕ್ಕೆ ತಿರುಗಿಸಿದರೆ ಅದು ಹನ್ನೆರಡು ಅಡಿಯ ಆಸುಪಾಸಿಗೆ ಕುಗ್ಗುತ್ತದೆ. ಧರ್ಮರಾಯನ ಕಣ್ಣೂ ಅರ್ಜುನನ ಕಣ್ಣೂ ಒಂದೇ ಕೊಳವೆಯಲ್ಲಿವೆ, ನಡುವೆ ತಿರುಗುವ ಒಂದು ಬಳೆ. ಮೊದಲು ಅಗಲದ ನೋಟ, ಎಲ್ಲ ಸರಿಯಾಗಿದೆ ಎಂದು ತಿಳಿದ ಮೇಲೆ ಕಿರಿದಾದ ನೋಟ. ಅಗ್ಗದ ಅಂಗಡಿಗಳಲ್ಲಿ 6-24×50 ಎಂಬ ಭಾರಿ ಅಂಕಿಗಳ ಸ್ಕೋಪುಗಳೂ ನೂರು ಡಾಲರಿನ ಒಳಗೆ ಸಿಗುತ್ತವೆ, ಹೊಸಬರನ್ನು ಅವು ಬಲವಾಗಿ ಸೆಳೆಯುತ್ತವೆ. ಅವುಗಳ ಅತಿ ಕಡಿಮೆ ಅಳತೆಯೇ ಆರು, ಅಂದರೆ ಅಗಲದ ನೋಟ ಅವುಗಳಲ್ಲಿ ಇಲ್ಲವೇ ಇಲ್ಲ. ಇಪ್ಪತ್ತನಾಲ್ಕಕ್ಕೆ ಏರಿಸಿದರೆ ಗುರಿಯ ಜೊತೆಗೆ ಕೈನಡುಕವೂ ಇಪ್ಪತ್ತನಾಲ್ಕು ಪಟ್ಟು ದೊಡ್ಡದಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಮನಸ್ಸಿನದು. ಇನ್ನೂರು ಗಜ ದೂರದ ಮೊಲ ಕಣ್ಣೆದುರಿಗೇ ಕೂತಂತೆ ಕಂಡಾಗ, ಗುಂಡಿನ ಅಳವು ಅಲ್ಲಿಗೆ ಮುಟ್ಟದು ಎಂಬುದು ಮರೆತುಹೋಗುತ್ತದೆ. ಕೋವಿಯ ತ್ರಾಣಕ್ಕಿಂತ ಉದ್ದವಾದ ಕಣ್ಣು ಆಸೆಯನ್ನು ಕೆರಳಿಸುತ್ತದೆ, ಗಾಯಗೊಂಡ ಪ್ರಾಣಿ ಪೊದೆಯೊಳಗೆ ನರಳುತ್ತ ಸಾಯುವುದರಲ್ಲಿ ಅದು ಮುಗಿಯುತ್ತದೆ.

ಇನ್ನೊಂದು ಸಂಗತಿಯನ್ನು ಹತ್ತಿರದಿಂದ ನೋಡುವುದು ಲೇಸು, ಏಕೆಂದರೆ ಬಜೆಟ್ಟಿನ ಲೆಕ್ಕ ತಿರುವು ಪಡೆಯುವುದು ಅಲ್ಲಿ. ಗುಂಡು ತುಂಬಿಲ್ಲವೆಂದು ಖಾತ್ರಿ ಮಾಡಿಕೊಂಡ ರೈಫಲ್ಲನ್ನು ಅಭ್ಯಾಸದ ಮೈದಾನದ ಮೇಜಿನ ಮೇಲೆ ಮರಳುಚೀಲಗಳ ನಡುವೆ ಅಲುಗಾಡದಂತೆ ಕೂರಿಸಬೇಕು. ಅಡ್ಡಗೆರೆ 50 ಗಜದಾಚೆಯ ಕಾಗದದ ಕರಿಚುಕ್ಕೆಯ ನಡುವಿಗೆ ಬಂದ ಮೇಲೆ ಕೈ ತೆಗೆದು, ಕೋವಿಯನ್ನು ಮುಟ್ಟದೆ, ತಲೆಯನ್ನಷ್ಟೇ ತುಸು ಎಡಕ್ಕೆ, ತುಸು ಬಲಕ್ಕೆ, ಮೇಲೆ ಕೆಳಗೆ ಸರಿಸಿ ನೋಡಬೇಕು. ಕೆಲವು ಸ್ಕೋಪುಗಳಲ್ಲಿ ಗೆರೆ ಕರಿಚುಕ್ಕೆಗೆ ಅಂಟಿದಂತೆ ಕದಲದೆ ನಿಲ್ಲುತ್ತದೆ. ಇನ್ನು ಕೆಲವಲ್ಲಿ ಗೆರೆ ಮೆಲ್ಲಗೆ ತೇಲಿಕೊಂಡು ಚುಕ್ಕೆಯ ಅಂಚಿಗೆ ಹೋಗುತ್ತದೆ, ತಲೆ ಹಿಂದಕ್ಕೆ ಬಂದರೆ ತಾನೂ ಹಿಂದಕ್ಕೆ ಬರುತ್ತದೆ. ಕೋವಿ ಕದಲಿಲ್ಲ, ಗುರಿ ಕದಲಿಲ್ಲ, ಕದಲಿದ್ದು ನೋಡುವವನು ಮಾತ್ರ.

ಇದಕ್ಕೆ ಪ್ಯಾರಲಾಕ್ಸ್ ಎನ್ನುತ್ತಾರೆ. ಗುರಿಯ ಬಿಂಬ ಮತ್ತು ಗೆರೆ ಒಂದೇ ತಲದಲ್ಲಿ ಇರದಿದ್ದಾಗ ಆಗುವ ದೋಷ. ಗ್ಯಾಸ್ಕಾಯ್ನನ ಜೇಡ ಸರಿಯಾದ ಜಾಗಕ್ಕಿಂತ ಒಂದಿಷ್ಟು ಹಿಂದೆ ಮುಂದೆ ಎಳೆ ಕಟ್ಟಿದ್ದರೆ ಏನಾಗುತ್ತಿತ್ತೋ ಅದು. ದೊಡ್ಡ ರೈಫಲ್ಲುಗಳ ಸ್ಕೋಪನ್ನು ಕಾರ್ಖಾನೆಯಲ್ಲಿ ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತಾರೆ. 40 ಮಿಲಿಮೀಟರ್ ಮಸೂರದ ಅಂಥ ಸ್ಕೋಪಿನಲ್ಲಿ 50 ಗಜದ ಗುರಿ ನೋಡುವಾಗ ಕಣ್ಣು ಪೂರಾ ಅಂಚಿಗೆ ಸರಿದಿದ್ದರೆ ಗುರಿ 10 ಮಿಲಿಮೀಟರಿನಷ್ಟು ತಪ್ಪಬಹುದು, 25 ಗಜದಲ್ಲಿ 15 ಮಿಲಿಮೀಟರ್. ಜಿಂಕೆಯ ಮಟ್ಟಿಗೆ ಅದು ಏನೂ ಅಲ್ಲ. ಅಳಿಲಿನ ತಲೆಯೇ ಒಂದೂವರೆ ಅಂಗುಲದೊಳಗೆ ಇರುವಾಗ ಅಷ್ಟು ತಪ್ಪಿದರೆ ತಕ್ಷಣದ ಸಾವು ಒಡೆದ ದವಡೆಯಾಗುತ್ತದೆ. ರಿಮ್‌ಫೈರಿಗೆಂದೇ ಮಾಡಿದ ಸ್ಕೋಪುಗಳನ್ನು 50 ಅಥವಾ 60 ಗಜಕ್ಕೆ ಹೊಂದಿಸಿರುತ್ತಾರೆ. ವೋರ್ಟೆಕ್ಸ್ ಕಂಪನಿಯ ಕ್ರಾಸ್‌ಫೈರ್ ಸರಣಿಯ ರಿಮ್‌ಫೈರ್ ಮಾದರಿ 50 ಗಜದ್ದು, ಲ್ಯೂಪೋಲ್ಡ್ ಕಂಪನಿಯದು 60 ಗಜದ್ದು. ಆದ್ದರಿಂದ ದೊಡ್ಡ ರೈಫಲ್ಲಿಗೆ ಮಾಡಿದ ಮುನ್ನೂರು ಡಾಲರಿನ ಸ್ಕೋಪಿಗಿಂತ .22ಕ್ಕೆಂದೇ ಮಾಡಿದ ನೂರೈವತ್ತರದ್ದು ಇಲ್ಲಿ ಹೆಚ್ಚು ಸತ್ಯವನ್ನು ತೋರಿಸುತ್ತದೆ. ಒದೆತವೇ ಇಲ್ಲದ ಕೋವಿಯಾದ್ದರಿಂದ ಭಾರಿ ಗಟ್ಟಿಮುಟ್ಟಿನ ಕೊಳವೆಗೆ ದುಡ್ಡು ಸುರಿಯುವ ಅಗತ್ಯವೂ ಇಲ್ಲ.

ಬೆಲೆಯನ್ನೇ ಪ್ರಮಾಣವೆಂದು ನಂಬಬಹುದೇ ಎಂಬುದು ಹಳೆಯ ದರ್ಶನಗಳ ಜಗಳವೊಂದನ್ನು ಮುಂದಕ್ಕೆ ತರುತ್ತದೆ. ಜ್ಞಾನ ತನ್ನಷ್ಟಕ್ಕೇ ಪ್ರಮಾಣ, ಬಾಧಕ ಬರುವವರೆಗೆ ಅದನ್ನು ನಂಬಿ ನಡೆಯಬೇಕು ಎಂದರು ಕುಮಾರಿಲಭಟ್ಟರ ಕಡೆಯ ಮೀಮಾಂಸಕರು. ಹಾಗಲ್ಲ, ಜ್ಞಾನ ಸರಿಯೋ ತಪ್ಪೋ ಎಂಬುದು ಹೊರಗಿನ ಪರೀಕ್ಷೆಯಿಂದ ತಿಳಿಯಬೇಕು ಎಂದರು ನೈಯಾಯಿಕರು. ದೂರದಲ್ಲಿ ಕಂಡದ್ದು ನೀರೇ ಹೌದು ಎಂಬುದು ಹೋಗಿ ಕುಡಿದಾಗ ಖಚಿತವಾಗುತ್ತದೆ, ಕ್ರಿಯೆ ಫಲಿಸಿದಾಗ ನೋಟ ಪ್ರಮಾಣವಾಗುತ್ತದೆ. ನಿತ್ಯದ ಬದುಕಿಗೆ ಮೀಮಾಂಸಕರ ವಾದವೇ ಒಪ್ಪುತ್ತದೆ. ಕಂಡದ್ದನ್ನೆಲ್ಲ ಪರೀಕ್ಷಿಸುತ್ತ ಕೂತರೆ ಯಾರೂ ಮನೆಯಿಂದ ಹೊರಗೆ ಕಾಲಿಡಲಾರರು. ಆದರೆ ಕೋವಿ ಹಿಡಿದವನು ನೈಯಾಯಿಕನಾಗಿಯೇ ಇರಬೇಕು. ಸ್ಕೋಪು ಕೂರಿಸಿದ ಮೇಲೆ ಕಾಗದಕ್ಕೆ ಹೊಡೆದು ರಂಧ್ರಗಳನ್ನು ಎಣಿಸಿ ನೋಡುವುದೇ ಅದರ ಪ್ರಾಮಾಣ್ಯ ಪರೀಕ್ಷೆ. ಗೆರೆಯನ್ನು ಸರಿಸಿ ಹೊಂದಿಸುವ ತಿರುಪನ್ನು ಮೇಲಕ್ಕೆ ಇಪ್ಪತ್ತು, ಬಲಕ್ಕೆ ಇಪ್ಪತ್ತು, ಕೆಳಕ್ಕೆ ಇಪ್ಪತ್ತು, ಎಡಕ್ಕೆ ಇಪ್ಪತ್ತು ಕ್ಲಿಕ್ ತಿರುಗಿಸಿ ಪ್ರತಿ ಮೂಲೆಯಲ್ಲೂ ಗುಂಡು ಹಾರಿಸಿದರೆ ಕಾಗದದ ಮೇಲೆ ಚೌಕ ಮೂಡಬೇಕು, ಕೊನೆಯ ಗುಂಡು ಮೊದಲನೆಯದರ ಜಾಗಕ್ಕೇ ಮರಳಬೇಕು. ಅಗ್ಗದ ಸ್ಕೋಪುಗಳ ನಿಜವಾದ ಬಲಹೀನತೆ ಬಯಲಾಗುವುದು ಗಾಜಿನಲ್ಲಲ್ಲ, ಈ ತಿರುಪಿನಲ್ಲಿ. ಒಮ್ಮೆ ಹೊಂದಿಸಿ ಮತ್ತೆ ತಿರುಪು ಮುಟ್ಟದವನಿಗೆ ಅದರಿಂದ ದೊಡ್ಡ ಕೇಡಿಲ್ಲ. ಕೋವಿ ಎಲ್ಲಿಯಾದರೂ ಬಿದ್ದರೆ, ಗೋಡೆಗೆ ತಾಗಿದರೆ ಮಾತ್ರ ಮತ್ತೆ ಕಾಗದದ ಮುಂದೆ ಕೂರಲೇಬೇಕು.

ನೈಯಾಯಿಕರ ಇನ್ನೊಂದು ಉದಾಹರಣೆಯಂತೂ ಬೇಟೆಯ ಕಾಡಿನಿಂದಲೇ ಎತ್ತಿಕೊಂಡಂತಿದೆ. ಸಂಶಯ ಎಂದರೇನೆಂದು ಹೇಳಲು ಅವರು ಕೊಡುವ ದೃಷ್ಟಾಂತ: ಮಸುಕಿನಲ್ಲಿ ನೆಟ್ಟಗೆ ನಿಂತಿರುವುದು ಮೋಟುಮರವೋ ಮನುಷ್ಯನೋ? ಎತ್ತರ ಎರಡಕ್ಕೂ ಒಂದೇ, ಗಾತ್ರವೂ ಅಷ್ಟೇ. ತಲೆ, ಕೈ, ಕಾಲು ಎಂಬ ವಿಶೇಷಗಳು ಕಣ್ಣಿಗೆ ಬೀಳುವವರೆಗೆ ತೀರ್ಮಾನ ಸಲ್ಲದು. ಅಮೆರಿಕದ ಹಲವು ರಾಜ್ಯಗಳಲ್ಲಿ ಬೇಟೆಯ ಹೊತ್ತು ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲೇ ತೊಡಗುತ್ತದೆ. ಮೋಟುಮರವೂ ಮನುಷ್ಯನೂ ಒಂದೇ ಆಗಿ ಕಾಣುವ ಹೊತ್ತು ಅದೇ. ಬೇಟೆಗಾರರು ಢಾಳಾದ ಕಿತ್ತಳೆ ಬಣ್ಣದ ಅಂಗಿ ತೊಡಬೇಕೆಂದು ಅನೇಕ ರಾಜ್ಯಗಳು ಕಾಯ್ದೆ ಮಾಡಿರುವುದು, ಆ ವಿಶೇಷ ಎಷ್ಟು ದೂರದಿಂದಲಾದರೂ ಕಾಣಲಿ ಎಂಬ ಒಂದೇ ಕಾರಣಕ್ಕೆ.

ಮಸುಕಿನಲ್ಲಿ ಸ್ಕೋಪು ಎಷ್ಟು ಬೆಳಕು ಕಣ್ಣಿಗೆ ತಲುಪಿಸುತ್ತದೆ ಎಂಬುದಕ್ಕೆ ಸರಳ ಭಾಗಾಕಾರವಿದೆ. ಮಸೂರದ ವ್ಯಾಸವನ್ನು ಪಟ್ಟಿನಿಂದ ಭಾಗಿಸಿದರೆ ಹಿಂಬದಿಯಿಂದ ಹೊರಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ. ಕತ್ತಲಲ್ಲಿ ಯುವಕರ ಕಣ್ಣಿನ ಪಾಪೆ ಸುಮಾರು 7 ಮಿಲಿಮೀಟರ್ ಅರಳುತ್ತದೆ, ವಯಸ್ಸಾದಂತೆ ಅದು ಕಡಿಮೆಯಾಗುತ್ತದೆ. 4×32 ಸ್ಕೋಪು 8 ಮಿಲಿಮೀಟರಿನ ಬೆಳಕು ಕೊಡುತ್ತದೆ, ಪಾಪೆ ತುಂಬುತ್ತದೆ. ಹಿಂದೆ .22 ರೈಫಲ್ಲುಗಳ ಜೊತೆ ಸಿಗುತ್ತಿದ್ದ ಪೆನ್ಸಿಲಿನಂಥ 4×15 ಸ್ಕೋಪು ನಾಲ್ಕನ್ನೂ ಮುಟ್ಟದು. 24 ಪಟ್ಟಿಗೆ ಏರಿಸಿದ 50 ಮಿಲಿಮೀಟರಿನ ದೊಡ್ಡಣ್ಣ ಕೊಡುವುದು ಬರಿಯ ಎರಡು. ಜೊತೆಗೆ, ಲೇಪವಿಲ್ಲದ ಗಾಜಿನ ಪ್ರತಿ ಮೈಯೂ ಶೇ. 4ರಷ್ಟು ಬೆಳಕನ್ನು ಹಿಂದಕ್ಕೆ ತಳ್ಳುತ್ತದೆ. ಸ್ಕೋಪಿನೊಳಗೆ ಅಂಥ ಮೈಗಳು ಹತ್ತಾರು. ಆದ್ದರಿಂದ ಹೆಚ್ಚಿನ ಹಣ ಕೊಡುವುದಿದ್ದರೆ ಪಟ್ಟಿಗೆ ಕೊಡಬಾರದು, ಎಲ್ಲ ಗಾಜಿಗೂ ಒಳ್ಳೆಯ ಲೇಪವಿರುವುದಕ್ಕೆ ಕೊಡಬೇಕು.

ನೋಡದೆ ಹೊಡೆದದ್ದರ ದುಃಖ ನಮ್ಮ ಎರಡೂ ಮಹಾಕಾವ್ಯಗಳ ಬುಡದಲ್ಲಿದೆ. ಸರಯೂ ತೀರದ ಇರುಳಿನಲ್ಲಿ ಕೊಡ ತುಂಬುವ ಸದ್ದನ್ನು ಆನೆ ನೀರು ಕುಡಿಯುವ ಸದ್ದೆಂದು ತಿಳಿದು ದಶರಥ ಬಾಣ ಬಿಟ್ಟ. ರಾಮನ ವನವಾಸ ಆ ಬಾಣದ ಬೆನ್ನಿಗೇ ಬಂತು. ಪಾಂಡುರಾಜ ಕೂಡಿದ್ದ ಜಿಂಕೆಗಳಿಗೆ ಹೊಡೆದ. ಜಿಂಕೆಯ ರೂಪದಲ್ಲಿದ್ದವನು ಕಿಂದಮ ಋಷಿ. ಸಾಯುತ್ತಿದ್ದ ಋಷಿ ಆಡಿದ ಮಾತನ್ನು ಗಮನಿಸಬೇಕು: ಬೇಟೆಯಾಡಿದ್ದಕ್ಕಾಗಿ ಆತ ರಾಜನನ್ನು ದೂರಲಿಲ್ಲ, ಕಾಯದೆ ಹೊಡೆದದ್ದಕ್ಕಾಗಿ ಶಪಿಸಿದ. ಕೊನೆಗೆ ಮೌಸಲಪರ್ವದಲ್ಲಿ ಜರನೆಂಬ ಬೇಡ ಮಲಗಿದ್ದ ಕೃಷ್ಣನನ್ನು ಜಿಂಕೆಯೆಂದು ಬಗೆದು ಪಾದಕ್ಕೆ ಬಾಣ ನೆಟ್ಟ. ಒಬ್ಬ ಕೇಳಿದ, ನೋಡಲಿಲ್ಲ. ಒಬ್ಬ ನೋಡಿದ, ಕಾಯಲಿಲ್ಲ. ಒಬ್ಬ ಅರೆಬರೆ ನೋಡಿದ. ಮೂವರೂ ಗುರಿಯಲ್ಲಿ ತಪ್ಪಲಿಲ್ಲ ಎಂಬುದನ್ನು ಮರೆಯಬಾರದು. ಅವರ ಕೈಯಲ್ಲಿ ಅತ್ಯುತ್ತಮ ಸ್ಕೋಪು ಇದ್ದಿದ್ದರೆ ಬಾಣ ಇನ್ನೂ ನೇರವಾಗಿ ನೆಡುತ್ತಿತ್ತು, ಅಷ್ಟೇ.

ಸ್ಕೋಪಿಗೂ ಲೋಕದ ಬೇರೆಲ್ಲ ಮಸೂರಗಳಿಗೂ ಇರುವ ವ್ಯತ್ಯಾಸ ಇಲ್ಲಿ ಎದ್ದು ಕಾಣುತ್ತದೆ. ಬೈನಾಕ್ಯುಲರಿನಲ್ಲಿ ನೋಡಿದರೆ ನೋಡಿದ್ದಷ್ಟೇ, ಕಂಡದ್ದು ಮಗುವೋ ನಾಯಿಯೋ ಪಕ್ಕದ ಹೊಲದವನೋ, ಯಾರಿಗೂ ಅಪಾಯವಿಲ್ಲ. ಸ್ಕೋಪಿನಲ್ಲಿ ಹಾಗೆ ನೋಡಲಾಗದು. ಕಣ್ಣು ಎತ್ತಲೋ ನಳಿಗೆಯೂ ಅತ್ತಲೇ. ಪೊದೆಯಲ್ಲಿ ಅಲುಗಾಡಿದ್ದು ಏನೆಂದು ತಿಳಿಯಲು ಸ್ಕೋಪು ಎತ್ತಿದವನು, ಅದು ಮನುಷ್ಯನೆಂದು ತಿಳಿಯುವ ಹೊತ್ತಿಗೆ ಆ ಮನುಷ್ಯನ ಎದೆಗೆ ಕೋವಿ ಹಿಡಿದಾಗಿರುತ್ತದೆ. ಸ್ಕೋಪನ್ನು ಬೈನಾಕ್ಯುಲರಿನಂತೆ ಬಳಸಕೂಡದು ಎಂಬ ನಿಯಮವನ್ನು ಬೇಟೆಗಾರರ ತರಬೇತಿ ಕಟ್ಟುನಿಟ್ಟಾಗಿ ಹೇಳುವುದು ಅದಕ್ಕೇ. ಸಂಶಯ ಪೂರ್ತಿ ಕಳೆದ ಮೇಲೆ ಎತ್ತಬೇಕಾದ ಕಣ್ಣು ಅದು. ಸಂಶಯ ಕಳೆಯಲು ಎತ್ತುವ ಕಣ್ಣಲ್ಲ.

ಇಷ್ಟೆಲ್ಲ ಎಚ್ಚರ ವಹಿಸಿ ಕೊಂದರೆ ಕೊಲೆ ಶುದ್ಧವಾಗುತ್ತದೆಯೇ? ಈ ಪ್ರಶ್ನೆಯಿಂದ ಜಾರಿಕೊಳ್ಳುವುದು ಅಪ್ರಾಮಾಣಿಕವಾದೀತು. ಉಮಾಸ್ವಾಮಿಯ ತತ್ತ್ವಾರ್ಥಸೂತ್ರ ಪ್ರಾಣಹಾನಿಯನ್ನೆಲ್ಲ ಒಂದೇ ತಕ್ಕಡಿಗೆ ಹಾಕುವುದಿಲ್ಲ. ಪ್ರಮಾದದಿಂದ ಕೂಡಿದ ಮನಸ್ಸು ಮಾತು ಮೈಗಳಿಂದ ಆಗುವ ಪ್ರಾಣಹಾನಿಯನ್ನು ಹಿಂಸೆ ಎನ್ನುತ್ತದೆ. ಕನ್ನಡನಾಡಿನ ಪೂಜ್ಯಪಾದರು ಅದಕ್ಕೆ ಬರೆದ ಸರ್ವಾರ್ಥಸಿದ್ಧಿ ಟೀಕೆ ಇದನ್ನು ಇನ್ನೂ ಬಿಡಿಸುತ್ತದೆ. ನಾಲ್ಕು ಮೊಳ ಮುಂದಿನ ನೆಲ ನೋಡುತ್ತ ಎಚ್ಚರದಿಂದ ಹೆಜ್ಜೆಯಿಡುವ ಮುನಿಯ ಪಾದದಡಿ ಹುಳುವೊಂದು ತಾನಾಗಿ ಬಂದು ಸತ್ತರೆ ಅವನಿಗೆ ಬಂಧವಿಲ್ಲ. ಎಚ್ಚರಗೇಡಿಯಾಗಿ ನಡೆಯುವವನಿಗಾದರೆ ಹುಳು ಸತ್ತರೂ ಬದುಕಿದರೂ ಹಿಂಸೆಯ ದೋಷ ತಪ್ಪಿದ್ದಲ್ಲ. ಈ ಎರಡನೆಯ ಮಾತು ಕೋವಿ ಹಿಡಿದವನನ್ನು ನೇರವಾಗಿ ತಟ್ಟಬೇಕು. ಸಂಶಯದಲ್ಲೇ ಹಾರಿಸಿದ ಗುಂಡು ಯಾರಿಗೂ ತಾಗದೆ ಮರಕ್ಕೆ ಹೊಕ್ಕಿತು, ಪುಣ್ಯ ಎಂದು ಉಸಿರು ಬಿಡುವವನು ಪೂಜ್ಯಪಾದರ ಲೆಕ್ಕದಲ್ಲಿ ಪಾರಾಗಿಲ್ಲ.

ಆದರೆ ಇದನ್ನು ಬೇಟೆಗೆ ಸಿಕ್ಕ ರಹದಾರಿ ಎಂದು ಓದುವಂತಿಲ್ಲ. ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪಹಿಂಸೆಯನ್ನು ಜೈನಧರ್ಮ ಮುನಿಗಳಿಗಷ್ಟೇ ಅಲ್ಲ, ಗೃಹಸ್ಥರಿಗೂ ನಿಷೇಧಿಸಿದೆ. ಅಳಿಲನ್ನು ಎಷ್ಟು ಒಳ್ಳೆಯ ಸ್ಕೋಪಿನಿಂದ ಹೊಡೆದರೂ ಆ ಧರ್ಮದ ತೀರ್ಪು ಬದಲಾಗದು, ಬದಲಾಗಬೇಕಾಗಿಯೂ ಇಲ್ಲ. ಮಾಂಸಕ್ಕಾಗಿ ಬೇಟೆಯಾಡುವ ಸಮಾಜಗಳು ಆ ತೀರ್ಪಿನ ಹೊರಗೆ ಬದುಕುತ್ತಿವೆ. ಹೊರಗಿದ್ದವರನ್ನೂ ಬಿಡದೆ ಕಟ್ಟಿಹಾಕುವುದು ಎಚ್ಚರದ ನಿಯಮ. ಸ್ಕೋಪು ಕೊಲ್ಲುವುದನ್ನು ಸಮರ್ಥಿಸುವುದಿಲ್ಲ, ನರಳಿಕೆಯನ್ನು ಕಡಿಮೆ ಮಾಡಬಲ್ಲದು. ಅಷ್ಟು ಮಾಡಿದರೂ ಅದು ಸಣ್ಣದಲ್ಲ.

ಕರ್ನಾಟಕದಲ್ಲಿ ಈ ಪ್ರಶ್ನೆಗೆ ಬೇರೆಯದೇ ನೆಲವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಷಿಕಾರಿ ಪುಸ್ತಕಗಳಿಗೆ ಸೇರಿತು. ಕೋವಿ ಮಾತ್ರ ಕೊಡಗಿನ ಬದುಕಿನಲ್ಲಿ ಉಳಿದಿದೆ, ಅದೂ ಪೂಜೆಯ ವಸ್ತುವಾಗಿ. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ ಕತ್ತಿಗಳನ್ನು ಪೂಜಾಕೋಣೆಯಾದ ಕನ್ನಿಕೋಂಬರೆಯಲ್ಲಿಟ್ಟು, ತೋಕ್ ಪೂ ಎಂಬ ಕೆಂಪು ಹಳದಿ ಹೂವು ಮುಡಿಸಿ ಪೂಜಿಸುತ್ತಾರೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಇರುವ ಕೋವಿ ಪರವಾನಗಿ ವಿನಾಯಿತಿಯನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಹಬ್ಬದ ದಿನ ಹಿಂದೆ ಬೇಟೆಗೆ ಹೊರಡುತ್ತಿದ್ದವರು ಈಗ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುತ್ತಾರೆ; .22 ರೈಫಲ್ಲಿಗೂ ಈ ಸ್ಪರ್ಧೆಗಳಲ್ಲಿ ಜಾಗವಿದೆ. ಪ್ರಾಣಿಯ ಜಾಗಕ್ಕೆ ತೆಂಗಿನಕಾಯಿ ಬಂದದ್ದು ಧರ್ಮದ ದೃಷ್ಟಿಯಿಂದ ದೊಡ್ಡ ಮುನ್ನಡೆ. ದ್ರೋಣರ ಕೃತಕ ಹಕ್ಕಿಯಂತೆ ಅಲ್ಲಿ ಕೌಶಲವಿದೆ, ಕೊಲೆಯಿಲ್ಲ.

ಪಟ್ಟು ಕಡಿಮೆಯಾಯಿತೆಂದು ಕೊರಗುವವರಿಗೆ ಒಂದು ಹೆಸರು ಸಾಕು. 2024ರ ಪ್ಯಾರಿಸ್ ಒಲಿಂಪಿಕ್ಸಿನ 50 ಮೀಟರ್ ತ್ರಿಭಂಗಿ ರೈಫಲ್ ಸ್ಪರ್ಧೆಯಲ್ಲಿ ಮಹಾರಾಷ್ಟ್ರದ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು .22 ರೈಫಲ್ಲಿನಲ್ಲಿ. ಆ ಸ್ಪರ್ಧೆಯಲ್ಲಿ ದೂರದರ್ಶಕ ನಿಷಿದ್ಧ. ಹತ್ತು ಅಂಕದ ವೃತ್ತದ ವ್ಯಾಸ 10.4 ಮಿಲಿಮೀಟರ್. ಹಿಂದೊಂದು ಸಣ್ಣ ರಂಧ್ರ, ಮುಂದೊಂದು ಉಂಗುರ, ನಡುವೆ ಹಿಡಿದಿಟ್ಟ ಉಸಿರು. ದೊಡ್ಡದಾಗಿ ತೋರಿಸುವ ಗಾಜು ಇಲ್ಲದೆಯೇ ಮನುಷ್ಯನ ಕಣ್ಣೂ ಕೈಯೂ ಅಲ್ಲಿಯವರೆಗೆ ಹೋಗಬಲ್ಲವು.

ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ನೆಲೆಸಿ, ಅಲ್ಲಿನ ಕಾಯ್ದೆಯಂತೆ ಮೊದಲ .22 ರೈಫಲ್ ಕೊಳ್ಳಲು ಹೊರಟ ಕನ್ನಡಿಗರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೆ ಕೊನೆಯ ಮಾತು. 2-7×32 ಅಥವಾ ಸ್ಥಿರವಾದ 4×32, ಪ್ಯಾರಲಾಕ್ಸ್ 50 ಇಲ್ಲವೇ 60 ಗಜಕ್ಕೆ ಹೊಂದಿಸಿದ್ದು, ಎಲ್ಲ ಗಾಜಿಗೂ ಲೇಪವಿರುವುದು, ಬೆಲೆ ನೂರರಿಂದ ನೂರೈವತ್ತು ಡಾಲರ್. ಇದಕ್ಕಿಂತ ಹೆಚ್ಚಿನದು ಈ ಗುಂಡಿಗೆ ಬೇಡ. ಉಳಿದ ಹಣದಲ್ಲಿ ಮೊದಲು ಒಂದು ಸಾಧಾರಣ ಬೈನಾಕ್ಯುಲರ್ ಕೊಳ್ಳಿ, ಆಮೇಲೆ ಕಾಗದಕ್ಕೆ ಹೊಡೆದು ಕಲಿಯಲು ಐನೂರು ತೋಟಾಗಳ ಒಂದು ಪೆಟ್ಟಿಗೆ. ಕಾಡಿಗೆ ಹೋದಾಗ ಬೈನಾಕ್ಯುಲರ್ ಕುತ್ತಿಗೆಯಲ್ಲಿರಲಿ, ಚೀಲದೊಳಗೆ ಬೇಡ.